ಗಾಜಿನ ಕಡಲು ಬಿರಿದಾಗ

ಮನುಷ್ಯನು ಮನೆಯೊಳಗೆ ಸಾಕಿಕೊಂಡ ಜೀವಿಗಳಲ್ಲಿ ಕಡಲ ಮೀನಿನಷ್ಟು ಪರಾಧೀನವಾದದ್ದು ಇನ್ನೊಂದಿರಲಾರದು. ನಾಯಿ ಬೆಕ್ಕುಗಳು ನಮ್ಮ ಗಾಳಿಯನ್ನೇ ಉಸಿರಾಡುತ್ತವೆ, ನಮ್ಮ ನೆಲದ ಮೇಲೆಯೇ ಮಲಗುತ್ತವೆ. ಗಿಳಿಯ ಪಂಜರದ ಕಂಬಿ ಮುರಿದರೆ ಗಿಳಿ ಹಾರಿಹೋಗುತ್ತದೆ. ಮನೆಯ ಮಕ್ಕಳು ಅತ್ತಾರು, ಗಿಳಿಗೇನೂ ನಷ್ಟವಿಲ್ಲ. ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಮೀನಿಗೆ ಮಾತ್ರ ಸೆರೆಮನೆಯ ಗೋಡೆ ಬಿರಿಯಿತೆಂದರೆ ಅದು ಬಿಡುಗಡೆಯಲ್ಲ, ಮರಣ. ತನ್ನನ್ನು ಕೂಡಿಹಾಕಿದ ಗಾಜೇ ತನ್ನ ಉಸಿರನ್ನೂ ಹಿಡಿದಿಟ್ಟಿರುವ ದುರ್ಗತಿ ಬೇರೆ ಯಾವ ಸಾಕುಪ್ರಾಣಿಗೂ ಬಂದಿಲ್ಲ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಂಥ ಊರುಗಳ ಬಹುಮಹಡಿ ಮನೆಗಳಲ್ಲಿಯೂ ಇಂಥ ತೊಟ್ಟಿಗಳು ಕಾಣಿಸಿಕೊಂಡಿವೆ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು ಸುಮಾರು ಮುನ್ನೂರು ಕಿಲೋಮೀಟರ್ ದೂರ. ಊರಿರುವುದು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿ. ಅಲ್ಲಿ ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ, ಅಲೆಗೆ ಬದಲಾಗಿ ಪಂಪನ್ನೂ ಬಿಸಿಲಿಗೆ ಬದಲಾಗಿ ದೀಪವನ್ನೂ ಇಟ್ಟು, ಒಂದು ಪುಟ್ಟ ಕಡಲನ್ನೇ ಕಟ್ಟಿ ನಿಲ್ಲಿಸುತ್ತಾರೆ. ಮೆಚ್ಚತಕ್ಕ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಬೆಳಗ್ಗೆ ಮುಂಭಾಗದ ಗಾಜಿನ ಮೂಲೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ಕಾಣಿಸುತ್ತದೆ. ತೊಟ್ಟಿಯ ಕೆಳಗೆ ಹನಿ ನೀರು. ಆಗ ಮನೆಯ ಯಜಮಾನನ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? "ಏನು ಹಚ್ಚಿದರೆ ನಿಂತೀತು?"

ಈ ಪ್ರಶ್ನೆಯೇ ತಪ್ಪೆಂದು ನನ್ನ ವಾದ. ಇದು ಗಾಜಿನ ಒಡೆಯನ ಪ್ರಶ್ನೆ. ಗಾಜಿನೊಳಗಿನ ಜೀವಗಳನ್ನು ವಹಿಸಿಕೊಂಡವನ ಪ್ರಶ್ನೆಯಲ್ಲ. ವಹಿಸಿಕೊಂಡವನು ಕೇಳಬೇಕಾದದ್ದು, "ಇವನ್ನು ಈಗ ಎಲ್ಲಿಗೆ ಸಾಗಿಸಲಿ?" ಎಂದು. ಅದಕ್ಕೆ ಉತ್ತರವನ್ನು ಅವನು ಬಿರುಕು ಕಂಡ ದಿನ ಹುಡುಕತಕ್ಕದ್ದಲ್ಲ. ತೊಟ್ಟಿಯನ್ನು ಕೊಂಡ ದಿನವೇ ಸಿದ್ಧವಾಗಿರಿಸಿಕೊಳ್ಳಬೇಕು. ಎರಡನೆಯ ಪಾತ್ರೆಯಿಲ್ಲದವನಿಗೆ ಮೊದಲನೆಯ ತೊಟ್ಟಿಯನ್ನು ಇಟ್ಟುಕೊಳ್ಳುವ ಅಧಿಕಾರವಿಲ್ಲವೆನ್ನುವಷ್ಟು ಕಠಿಣವಾಗಿಯೇ ನಾನು ಇದನ್ನು ಹೇಳಬಯಸುತ್ತೇನೆ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ ನೀರಿನ ಭಾರ. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರವುಳ್ಳ ಒಂದು ಸಾಧಾರಣ ತೊಟ್ಟಿಯನ್ನು ತೆಗೆದುಕೊಳ್ಳೋಣ. ತುಂಬಿದಾಗ ಅದರಲ್ಲಿ 243 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರು ಸಿಹಿನೀರಿಗಿಂತ ಸ್ವಲ್ಪ ತೂಕವಾದ್ದರಿಂದ ಅದರ ಭಾರ ಸುಮಾರು 249 ಕಿಲೋಗ್ರಾಂ. ಇದು ಪೀಠದ ಮೇಲೆ ಬೀಳುವ ಭಾರ. ಮುಂಭಾಗದ ಗಾಜನ್ನು ಹೊರಕ್ಕೆ ನೂಕುವ ಬಲವನ್ನೂ ಲೆಕ್ಕಹಾಕಿದರೆ ಅದು ಸುಮಾರು 125 ಕಿಲೋಗ್ರಾಮಿನ ತೂಕಕ್ಕೆ ಸಮ. ದೃಢಕಾಯರಾದ ಇಬ್ಬರು ಹಗಲಿರುಳೂ ಆ ಗಾಜಿಗೆ ಒರಗಿ ನಿಂತಂತೆ. ಗಾಜು ಅದನ್ನು ತಾಳಿಕೊಂಡು ನಿಂತಿರುವಾಗ ನಮ್ಮ ಕಣ್ಣಿಗೆ ಕಾಣುವುದು ಬಣ್ಣದ ಮೀನುಗಳ ವಿಹಾರ ಮಾತ್ರ. ಒತ್ತಡವು ಕಾಣುವ ವಸ್ತುವಲ್ಲ.

ಆದರೆ ಈ ಲೆಕ್ಕದಲ್ಲಿಯೇ ಒಂದು ದಯೆಯೂ ಅಡಗಿದೆ. ಗಾಜಿನ ಮೇಲಿನ ಒಟ್ಟು ಬಲವು ನೀರಿನ ಆಳದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಎಂದರೆ ನೀರನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 125 ಇದ್ದದ್ದು 31 ಆಗುತ್ತದೆ. ಬಿರುಕು ಕಂಡೊಡನೆ ಒಂದು ಕೊಳವೆಯನ್ನು ಇಳಿಬಿಟ್ಟು, ಇಪ್ಪತ್ತು ಲೀಟರಿನ ಆರು ಪಾತ್ರೆಗಳಿಗೆ ನೀರನ್ನು ಹರಿಸಿದವನು ಗಾಜಿನ ಹೊರೆಯ ಮುಕ್ಕಾಲು ಪಾಲನ್ನು ಇಳಿಸಿದಂತಾಯಿತು. ಯಾವ ಗೋಂದೂ ಅರ್ಧ ಗಂಟೆಯಲ್ಲಿ ಇಷ್ಟು ಉಪಕಾರ ಮಾಡಲಾರದು. ಈ ಸರಳ ಗಣಿತವನ್ನು ತೊಟ್ಟಿ ಮಾರುವ ಅಂಗಡಿಗಳಲ್ಲಿ ಗೋಡೆಗೆ ಬರೆದು ಹಾಕಿದ್ದರೆ ಎಷ್ಟೋ ಮೀನುಗಳು ಬದುಕುತ್ತಿದ್ದವು.

ಗೋಂದಿನ ಮಾತನ್ನೂ ಮುಗಿಸಿಬಿಡಬೇಕು. ಇಲ್ಲಿ ಎರಡು ರೋಗಗಳಿವೆ; ಜನ ಅವನ್ನು ಒಂದೇ ಎಂದು ಭಾವಿಸುತ್ತಾರೆ. ಗಾಜಿನ ಫಲಕಗಳು ಕೂಡುವ ಸಂದಿನಲ್ಲಿ ಸಿಲಿಕೋನ್ ಹಳೆಯದಾಗಿ ನೀರು ಒಸರುವುದು ಒಂದು. ಫಲಕವೇ ಬಿರಿಯುವುದು ಇನ್ನೊಂದು. ಮೊದಲನೆಯದಕ್ಕೆ ಚಿಕಿತ್ಸೆಯುಂಟು. ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಒಣಗಿಸಿ, ಹಳೆಯ ಸಿಲಿಕೋನನ್ನು ಚೂರೂ ಉಳಿಯದಂತೆ ಕೆರೆದು ತೆಗೆದು, ಹೊಸದನ್ನು ತುಂಬಿ, ಅದು ಗಟ್ಟಿಯಾಗುವವರೆಗೆ ಕೆಲವು ದಿನ ಕಾಯಬೇಕು. ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಮೇಲೆ ಮೇಲೆ ಬಳಿಯುವುದು ವ್ಯರ್ಥ. ಸ್ನಾನದ ಮನೆಗೆಂದು ಮಾರುವ, ಬೂಸ್ಟು ಹಿಡಿಯದಂತೆ ವಿಷ ಬೆರೆಸಿದ ಸಿಲಿಕೋನನ್ನಂತೂ ಮುಟ್ಟಲೇಬಾರದು. ಉಪ್ಪುನೀರಿನ ತೊಟ್ಟಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆಯೆನ್ನಬೇಕು. ಸಿಹಿನೀರು ಒಸರಿದರೆ ಆರಿಹೋಗಿ ಗುರುತೇ ಉಳಿಯದು. ಕಡಲ ನೀರು ಒಸರಿದೆಡೆಯಲ್ಲಿ ಬಿಳಿಯ ಉಪ್ಪಿನ ಹೊಪ್ಪಳೆ ಸಾಕ್ಷಿಯಾಗಿ ನಿಲ್ಲುತ್ತದೆ. ದಿನಕ್ಕೊಮ್ಮೆ ಬೆರಳಿನಿಂದ ಸಂದುಗಳನ್ನು ಸವರಿ ನೋಡುವವನಿಗೆ ಬಿರುಕು ಆಕಸ್ಮಿಕವಾಗಿ ಬರುವುದು ಕಡಮೆ.

ಫಲಕ ಬಿರಿದರೆ ಕಥೆ ಬೇರೆ. ಗಾಜು ಏಕೆ ಅಷ್ಟು ಸುಲಭವಾಗಿ ಒಡೆಯುತ್ತದೆಂಬುದನ್ನು ಎ. ಎ. ಗ್ರಿಫಿತ್ ಎಂಬ ಇಂಗ್ಲಿಷ್ ಇಂಜಿನಿಯರ್ 1920ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದನು. ಗಾಜಿನಲ್ಲಿರುವ ಕಣ್ಣಿಗೆ ಕಾಣದ ಗೀರುಗಳ ತುದಿಯಲ್ಲಿ ಒತ್ತಡವೆಲ್ಲ ಒಟ್ಟುಗೂಡುತ್ತದೆ. ಬಿರುಕು ಉದ್ದವಾದಷ್ಟೂ ಅದು ಮುಂದುವರಿಯುವುದಕ್ಕೆ ಬೇಕಾದ ಬಲ ಕಡಮೆಯಾಗುತ್ತ ಬರುತ್ತದೆ. ಸಾಲದುದಕ್ಕೆ, ಬಿರುಕಿನ ತುದಿಗೆ ಹೊಕ್ಕ ನೀರು ಗಾಜಿನ ಅಣುಗಳ ಬಂಧವನ್ನೇ ಮೆಲ್ಲಮೆಲ್ಲನೆ ಕಡಿಯುತ್ತದೆಂದು ಆಮೇಲಿನ ವಿಜ್ಞಾನಿಗಳು ಕಂಡುಕೊಂಡರು. ಎರಡು ವಾರ ಅಲ್ಲಾಡದೆ ನಿಂತಿದ್ದ ಗೆರೆ ಮೂರನೆಯ ವಾರದ ನಡುರಾತ್ರಿಯಲ್ಲಿ ಗಾಜಿನ ಉದ್ದಕ್ಕೂ ಓಡುವುದು ಹೀಗೆ. ಹೊರಗಿನಿಂದ ಸಿಲಿಕೋನ್ ಬಳಿದರೆ ಹನಿ ನಿಂತೀತು, ಒತ್ತಡ ನಿಲ್ಲದು. ರೋಗಿಯ ಬಾಯಿಗೆ ಬಟ್ಟೆ ತುರುಕಿ ನರಳಾಟ ನಿಂತಿತೆಂದು ಸಂತೋಷಪಟ್ಟಂತೆ.

"ಹಾಗೆ ಹಚ್ಚಿ ವರ್ಷಗಟ್ಟಲೆ ನಡೆಸಿದವರಿದ್ದಾರೆ" ಎಂಬ ಮಾತು ಕೂಡಲೇ ಬರುತ್ತದೆ. ಇದ್ದಾರೆ, ತಳದ ಬಿರುಕಿನ ಮೇಲೆ ಒಳಗಡೆಯಿಂದ ಇನ್ನೊಂದು ಗಾಜನ್ನೇ ಹಾಸಿ ಅಂಟಿಸಿ ಗೆದ್ದವರೂ ಇದ್ದಾರೆ. ಆದರೆ ಗೆದ್ದವರು ನಾಲ್ಕು ಜನರೆದುರು ಹೇಳಿಕೊಳ್ಳುತ್ತಾರೆ. ಸೋತವರು ನೆಲ ಒರೆಸುತ್ತಿರುತ್ತಾರೆ, ಕೆಳಗಿನ ಮನೆಯವರಿಗೆ ಸಮಾಧಾನ ಹೇಳುತ್ತಿರುತ್ತಾರೆ. ಇಲ್ಲಿ ಪಣಕ್ಕಿಟ್ಟದ್ದು ಹೇಳುವವನ ಪ್ರಾಣವಲ್ಲವೆಂಬುದನ್ನೂ ಗಮನಿಸಬೇಕು. ಬಿರಿದ ಫಲಕವನ್ನು ಬದಲಾಯಿಸಬೇಕು, ಇಲ್ಲವೆ ತೊಟ್ಟಿಯನ್ನೇ ಬದಲಾಯಿಸಬೇಕು. ಮೂರನೆಯ ದಾರಿಯೆಂಬುದು ನನಗೆ ಕಾಣದು.

ಹಾಗಾದರೆ ಆ ಬೆಳಗ್ಗೆ ಮಾಡತಕ್ಕದ್ದೇನು? ಎಲ್ಲಕ್ಕಿಂತ ಮೊದಲು ವಿದ್ಯುತ್ತು. ಉಪ್ಪುನೀರು ಸಿಹಿನೀರಿಗಿಂತ ಬಹು ಚೆನ್ನಾಗಿ ವಿದ್ಯುತ್ತನ್ನು ಸಾಗಿಸುತ್ತದೆ. ನಮ್ಮ ಮನೆಗಳಲ್ಲಿಯೋ, ಪಂಪು, ದೀಪ, ಹೀಟರುಗಳ ತಂತಿಗಳೆಲ್ಲ ತೊಟ್ಟಿಯ ಕೆಳಗೆ ನೆಲದ ಮೇಲೆಯೇ ಹಲಗೆಯೊಂದರಲ್ಲಿ ಕೂಡಿರುವುದು ವಾಡಿಕೆ. ಒದ್ದೆ ನೆಲದ ಮೇಲೆ ಕಾಲಿಡುವ ಮುನ್ನ ಮೇನ್ ಸ್ವಿಚ್ಚನ್ನು ಆರಿಸಬೇಕು. ಹೀಟರನ್ನು ಮರೆಯುವಂತಿಲ್ಲ, ನೀರು ಇಳಿದು ಅದು ಗಾಳಿಗೆ ಒಡ್ಡಿಕೊಂಡು ಉರಿಯುತ್ತಿದ್ದರೆ ಕಾದು ಸಿಡಿಯುತ್ತದೆ. ಮೀನನ್ನುಳಿಸಲು ಹೋಗಿ ಮನೆಯವನೇ ಹೋದನೆಂದರೆ ಯಾರಿಗೆ ಪ್ರಯೋಜನ?

ಆಮೇಲೆ ಪಾತ್ರೆ. ಕನ್ನಡಿಗರ ಮನೆಯಲ್ಲಿ ನೀರಿಗೆ ದೊಡ್ಡ ಪಾತ್ರೆ ಬೇಕೆಂದರೆ ಕೈ ಸಹಜವಾಗಿ ಹಿತ್ತಲ ಕಡೆಯ ತಾಮ್ರದ ಹಂಡೆಯತ್ತ ಹೋಗುತ್ತದೆ. ಕುಡಿಯುವ ನೀರಿಗೆ ತಾಮ್ರ ಒಳ್ಳೆಯದೆಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿದೆ. ಕಡಲ ಜೀವಿಗಳಿಗೆ ಅದು ಯಮಪಾಶ. ಮೀನುಗಳ ಕೆಲವು ರೋಗಗಳಿಗೆ ತಾಮ್ರವನ್ನು ಅಳೆದು ಔಷಧವಾಗಿ ಕೊಡುವುದುಂಟಾದರೂ ಸೀಗಡಿ, ಶಂಖದ ಹುಳು, ಕಡಲ ಹೂವುಗಳೆನ್ನುವ ಅನಿಮೋನೆಗಳು, ಹವಳಗಳು ಅದರ ಲೇಶವನ್ನೂ ತಾಳಲಾರವು. ಹಿತ್ತಾಳೆಯಲ್ಲಿಯೂ ತಾಮ್ರವೇ ಇರುವುದು. ಆಹಾರ ಪದಾರ್ಥಕ್ಕೆಂದೇ ಮಾಡಿದ, ಸೋಪು ತಾಕದ ಪ್ಲಾಸ್ಟಿಕ್ ಡ್ರಮ್ಮುಗಳೇ ಇಲ್ಲಿ ಸರಿ.

ತೊಟ್ಟಿಯ ನೀರನ್ನು ಅಮೂಲ್ಯವೆಂದು ತಿಳಿದು ಅದನ್ನುಳಿಸುವ ಭರದಲ್ಲಿ ಕಲ್ಲುಗಳನ್ನು ನೆಲದ ಮೇಲೆ ಒಣಗಲು ಬಿಡುವವರಿದ್ದಾರೆ. ವಾಸ್ತವವಾಗಿ ತೊಟ್ಟಿಯ ಜೀವಾಳವಿರುವುದು ಕಲ್ಲಿನಲ್ಲಿಯೇ. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯವನ್ನು ತಿಂದು ನಿರಪಾಯಗೊಳಿಸುವ ಬ್ಯಾಕ್ಟೀರಿಯಗಳು ಬಹುಪಾಲು ಕಲ್ಲು ಮರಳುಗಳ ಮೈಗೆ ಅಂಟಿಕೊಂಡಿರುತ್ತವೆ. ನೀರಿನಲ್ಲಿ ತೇಲುವುದು ಅಲ್ಪ. ನೀರನ್ನು ಹೊಸದಾಗಿ ಬೆರೆಸಿಕೊಳ್ಳಬಹುದು, ಸತ್ತ ಕಲ್ಲು ಜೀವ ತಳೆಯಲು ವಾರಗಳು ಬೇಕು. ಆದ್ದರಿಂದ ಮೀನಿನ ಜೊತೆಯಲ್ಲಿಯೇ ಕಲ್ಲುಗಳನ್ನೂ ಮುಳುಗಿಸಿಡಬೇಕು, ಗಾಳಿಯ ಪಂಪನ್ನು ಓಡಿಸಬೇಕು, ನೀರಿನ ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲವಾದ್ದರಿಂದ ಬ್ಯಾಟರಿಯಿಂದ ನಡೆಯುವ ಪಂಪೊಂದು ಮನೆಯಲ್ಲಿದ್ದರೆ ಮೇಲು. ತಳದ ದಪ್ಪ ಮರಳನ್ನು ಮೀನುಗಳಿರುವ ನೀರಿನಲ್ಲಿ ಕದಡಬಾರದು. ಅದರ ಆಳದಲ್ಲಿ ಕೊಳೆತ ವಾಯು ತಂಗಿರುತ್ತದೆ. ಅನಿಮೋನೆಯನ್ನು ಬೇರೆಯಾಗಿಡಬೇಕು, ಅದು ಸತ್ತರೆ ಇಡೀ ಪಾತ್ರೆಯ ನೀರನ್ನೇ ಕೆಡಿಸುತ್ತದೆ. ಜಿಗಿಯುವ ಮೀನುಗಳಿಗೆ ಮುಚ್ಚಳ ಬೇಕು. ಇಷ್ಟನ್ನೂ ಒಂದೆರಡು ಗಂಟೆಗಳಲ್ಲಿ ಮಾಡಬೇಕಾದವನ ಬಳಿ ಪಾತ್ರೆಯೂ ಉಪ್ಪೂ ಮೊದಲೇ ಇಲ್ಲದಿದ್ದರೆ, ಬಾಯಾರಿದಾಗ ಬಾವಿ ತೋಡಿದಂತೆ.

ಎರಡನೆಯ ಪಾತ್ರೆಯ ಮಾತು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಈ ಹವ್ಯಾಸವೇ ಎರಡು ಪಾತ್ರೆಗಳಿಂದ ಹುಟ್ಟಿತು. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿ ಟಾರ್ಕೀ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ಪಂಪಿಲ್ಲ, ವಿದ್ಯುತ್ತಿಲ್ಲ, ಕಡಲೂ ಹತ್ತಿರವಿಲ್ಲ. ತೆರೆದ ಕಿಟಕಿಯ ಬಳಿ ಮನೆಯ ಕೆಲಸದವಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಹುಯ್ದು ಹುಯ್ದು ಗಾಳಿ ಬೆರೆಸುತ್ತಿದ್ದಳು. ನಾವು ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ಯುವ ಹಾಗೆ. ಹವಳಗಳು ಬದುಕಿದವು. ಚರಿತ್ರೆ ಯಜಮಾನಿಯ ಹೆಸರನ್ನು ಉಳಿಸಿಕೊಂಡಿದೆ. ಆ ಕೆಲಸದವಳ ತೋಳು ಎಷ್ಟು ನೊಂದಿತೋ ಯಾರು ಬರೆದರು! 1853ರಲ್ಲಿ ಲಂಡನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಈ ಹುಚ್ಚನ್ನು ಮನೆಮನೆಗೂ ಹಬ್ಬಿಸಿತು. ಅಲ್ಲಿಂದ ಮುಂದೆ ಬಹುಕಾಲ ಲೋಹದ ಚೌಕಟ್ಟಿಗೆ ಗಾಜನ್ನು ಪುಟ್ಟಿಯಿಂದ ಕೂಡಿಸುತ್ತಿದ್ದರು. ಉಪ್ಪು ಆ ಲೋಹವನ್ನು ತಿನ್ನುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಬಂದ ಮೇಲೆ ಬರಿಯ ಗಾಜಿನ ತೊಟ್ಟಿಗಳು ಸಾಧ್ಯವಾದವು, ಕಡಲು ಸಾಮಾನ್ಯರ ಮನೆಗೂ ಬಂದಿತು. ಅದರೊಂದಿಗೆ, ಏನಾದರೂ ಹಚ್ಚಿದರೆ ಎಲ್ಲವೂ ಕೂಡಿಕೊಳ್ಳುತ್ತದೆಂಬ ಭ್ರಮೆಯೂ ಬಂದಿತೆಂದು ತೋರುತ್ತದೆ.

ಹಣವಿದ್ದರೆ ತೊಟ್ಟಿ ಒಡೆಯುವುದಿಲ್ಲವೆಂದು ಭಾವಿಸುವವರು ಬರ್ಲಿನ್ನಿನ ಕಡೆ ನೋಡಬೇಕು. ಅಲ್ಲಿಯ ಹೋಟೆಲೊಂದರ ಅಂಗಳದಲ್ಲಿ ಹತ್ತು ಲಕ್ಷ ಲೀಟರ್ ಉಪ್ಪುನೀರಿನ, ಅಕ್ರಿಲಿಕ್ಕಿನಿಂದ ಮಾಡಿದ ಬೃಹತ್ ಸ್ತಂಭಾಕಾರದ ತೊಟ್ಟಿಯಿತ್ತು; ಆಕ್ವಾಡಾಮ್ ಎಂದು ಅದರ ಹೆಸರು. 2022ರ ಡಿಸೆಂಬರ್ 16ರ ಬೆಳಗಿನ ಜಾವ, ಆರು ಗಂಟೆಗೆ ಮೊದಲೇ, ಅದು ಒಮ್ಮೆಗೇ ಸಿಡಿದು ನೀರು ಬೀದಿಗೆ ನುಗ್ಗಿತು. ಇಬ್ಬರಿಗೆ ಗಾಯವಾಯಿತು. ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಹಗಲಾಗಿದ್ದರೆ ಮನುಷ್ಯರ ಗತಿ ಏನಾಗುತ್ತಿತ್ತೋ ಊಹಿಸುವುದಕ್ಕೂ ಭಯವಾಗುತ್ತದೆ. ತಜ್ಞರು 2023ರಲ್ಲಿ ವರದಿ ಕೊಟ್ಟರು. ಇದೇ ಕಾರಣವೆಂದು ಖಚಿತವಾಗಿ ಹೇಳಲು ಅವರಿಂದಲೂ ಆಗಲಿಲ್ಲ. ಅಂದು ಉಳಿದ ಮೀನುಗಳಲ್ಲಿ ಹೆಚ್ಚಿನವು ಯಾವುವು ಬಲ್ಲಿರಾ? ಕೆಳಗಡೆ ಬೇರೆಯ ಚಿಕ್ಕ ತೊಟ್ಟಿಗಳಲ್ಲಿ ಪ್ರತ್ಯೇಕವಾಗಿ ಸಾಕುತ್ತಿದ್ದಂಥವು. ಅವನ್ನು ಮೃಗಾಲಯವೇ ಮೊದಲಾದ ಕಡೆಗಳಿಗೆ ಸಾಗಿಸಿದರು.

ಗಾಜು ಬಿರಿದಾಗ ಮರುಗುವ ಮನಸ್ಸಿಗೆ ಹೊಳೆಯುವ ಇನ್ನೊಂದು ಉಪಾಯವಿದೆ: ಮೀನುಗಳನ್ನು ಕಡಲಿಗೇ ಬಿಟ್ಟುಬಿಡುವುದು. ಬೆಂಗಳೂರಿನವನಿಗೆ ಇದು ಅಷ್ಟು ಸುಲಭವಲ್ಲ. ಕರಾವಳಿಯವನಿಗೆ ಹತ್ತು ನಿಮಿಷದ ಕೆಲಸ. ಕರುಣೆಯಂತೆ ಕಂಡರೂ ಇದು ಅನಾಹುತ. ನಮ್ಮ ಹಿಂದೂ ಮಹಾಸಾಗರ, ಶಾಂತಸಾಗರಗಳಿಗೆ ಸೇರಿದ ಸಿಂಹಮೀನು ಇಂದು ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರವನ್ನು ಆಕ್ರಮಿಸಿ ಅಲ್ಲಿಯ ಸಣ್ಣ ಮೀನುಗಳನ್ನು ನುಂಗುತ್ತಿದೆ. 1992ರ ಆಂಡ್ರೂ ಚಂಡಮಾರುತಕ್ಕೆ ಫ್ಲಾರಿಡದ ಮನೆಯೊಂದರ ತೊಟ್ಟಿ ಒಡೆದು ಆರು ಸಿಂಹಮೀನುಗಳು ಕಡಲಿಗೆ ಸೇರಿದ್ದೇ ಇದಕ್ಕೆ ಮೂಲವೆಂಬ ಕಥೆ ಬಹುಕಾಲ ಪ್ರಚಲಿತವಾಗಿತ್ತು. ಕಥೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಆ ಮೀನು 1985ರಲ್ಲಿಯೇ ಫ್ಲಾರಿಡದ ತೀರದಲ್ಲಿ ಕಂಡಿತ್ತು. ಬಿರುಗಾಳಿಯ ಮೇಲೆ ತಪ್ಪು ಹೊರಿಸಿದರೆ ಎಲ್ಲರಿಗೂ ನೆಮ್ಮದಿ. ಸಾಕಿದವರೇ ಕೈಯಾರೆ ತಂದು ಬಿಟ್ಟಿರಬೇಕೆಂಬುದು ಹೆಚ್ಚು ಸಂಭವನೀಯವಾದ ವಿವರಣೆ.

ನಮ್ಮ ದೇಶದಲ್ಲಿ ಮತ್ತೊಂದು ತೊಡಕಿದೆ. 2001ರಲ್ಲಿ ಕಲ್ಲುಹವಳ, ಕರಿಹವಳ, ಕಡಲಬೀಸಣಿಗೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯ ಸಾಲಿಗೆ ಸೇರಿಸಲಾಯಿತು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಬೆಳೆಯುವ ಹವಳವನ್ನು ಕಿತ್ತು ತೊಟ್ಟಿಯಲ್ಲಿಡುವುದು ಅಪರಾಧ. ಕದ್ದು ತಂದ ಹವಳವಿರುವ ತೊಟ್ಟಿ ಬಿರಿದರೆ ಅದರ ಒಡೆಯನು ನಾಲ್ಕು ಜನರನ್ನು ಸಹಾಯಕ್ಕೆ ಕರೆಯಲೂ ಆರ. ಬಾಗಿಲು ಹಾಕಿಕೊಂಡು ಗೋಂದು ಹಚ್ಚುವುದೊಂದೇ ಅವನಿಗುಳಿದ ಮಾರ್ಗ.

ಹಾಗಾದರೆ ಈ ಹವ್ಯಾಸವನ್ನೇ ಬಿಟ್ಟುಬಿಡಬೇಕೆ? ಬಿಡಬೇಕೆನ್ನುವವರ ಪಕ್ಷದಲ್ಲಿ ಬಲವಾದ ಸಾಕ್ಷ್ಯವಿದೆ. ಸಿಹಿನೀರಿನ ಅಲಂಕಾರದ ಮೀನುಗಳನ್ನು ಹೆಚ್ಚಾಗಿ ಕೊಳಗಳಲ್ಲಿಯೇ ಬೆಳೆಸುತ್ತಾರೆ. ಕಡಲ ಮೀನುಗಳ ಬಹುಪಾಲು ಜಾತಿಗಳನ್ನಾದರೋ ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರಬೇಕು. ಫಿಲಿಪ್ ಗಾಸನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ, ತನ್ನ ತಂದೆಯ ಪುಸ್ತಕಗಳನ್ನು ಓದಿ ಹೊರಟ ಸಂಗ್ರಾಹಕರ ಸೈನ್ಯವು ಇಂಗ್ಲೆಂಡಿನ ಕರಾವಳಿಯ ಬಂಡೆಗುಂಡಿಗಳನ್ನು ಹೇಗೆ ಬರಿದುಮಾಡಿತೆಂಬುದನ್ನು ವ್ಯಥೆಯಿಂದ ನೆನೆದಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದವನ ಮನೆಯಿಂದಲೇ ಬಂದ ಸಾಕ್ಷ್ಯವಿದು.

ಆದರೂ ನಾನು ಅಷ್ಟು ದೂರ ಹೋಗಲಾರೆ. ಆನಾ ಥಿನ್ನಳ ಬಟ್ಟಲಿನಿಂದ ನಾವು ಕಡಲಿನ ಬಗ್ಗೆ ಕಲಿತದ್ದು ಅಲ್ಪವಲ್ಲ. ಕ್ಲೌನ್ ಮೀನುಗಳನ್ನು, ಎಂದರೆ ಅನಿಮೋನೆಯ ನಡುವೆ ಬಾಳುವ ಆ ವಿದೂಷಕರನ್ನು, ಕೇರಳದ ಕೊಚ್ಚಿಯಲ್ಲಿ ಪ್ರಧಾನ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಅಂಥ ಮೀನನ್ನು ಸಾಕುವವನು ಯಾವ ದಿಬ್ಬವನ್ನೂ ಬರಿದುಮಾಡುತ್ತಿಲ್ಲ. ನನ್ನ ಆಕ್ಷೇಪವಿರುವುದು ಮಾರಾಟದ ರೀತಿಗೆ. ತೊಟ್ಟಿ, ದೀಪ, ಪಂಪು, ಬಣ್ಣದ ಹಿನ್ನೆಲೆಯ ಹಾಳೆ ಇವೆಲ್ಲವನ್ನೂ ಸೇರಿಸಿ ಬೆಲೆ ಹೇಳುವ ಅಂಗಡಿಯವನು ಮುಚ್ಚಳವುಳ್ಳ ಎರಡು ಡ್ರಮ್ಮು, ಒಂದು ಬ್ಯಾಟರಿ ಪಂಪು, ಒಂದು ಚೀಲ ಉಪ್ಪನ್ನು ಆ ಬೆಲೆಯಲ್ಲಿ ಸೇರಿಸುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಅಷ್ಟಕ್ಕೆ ಕೈಯಲ್ಲಿ ಹಣ ಸಾಲದೆಂದರೆ ತೊಟ್ಟಿಯ ಅಳತೆಯನ್ನೇ ಕಿರಿದುಮಾಡಿಕೊಳ್ಳಬೇಕು. ಪೀಠ ಮಟ್ಟಸವಾಗಿದೆಯೇ, ಕಲ್ಲುಗಳನ್ನು ಮರಳಿನ ಮೇಲಿಡದೆ ತಳಕ್ಕೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಸುರಿದಿದೆಯೇ ಎಂದು ನೋಡುವುದಕ್ಕೆ ಖರ್ಚಿಲ್ಲ. ಬಿರುಕುಗಳಲ್ಲಿ ಎಷ್ಟೋ ಹುಟ್ಟುವುದು ಈ ಎರಡು ಅಲಕ್ಷ್ಯಗಳಿಂದಲೇ.

ಕೊನೆಗೆ ಉಳಿಯುವುದು ಆ ಬಿರಿದ ತೊಟ್ಟಿ. ಅದಕ್ಕೆ ತೇಪೆ ಹಾಕಿ, ಬಿರುಕಿನ ಕಡೆಯನ್ನು ಗೋಡೆಗೆ ತಿರುಗಿಸಿ, ಅಗ್ಗದ ಬೆಲೆಗೆ ಮಾರಿಬಿಡುವ ಜಾಣರನ್ನು ಏನೆಂದು ಕರೆಯಬೇಕೋ ತಿಳಿಯದು. ಮಾರಲೇಬೇಕೆಂದರೆ ಬಿರುಕಿನ ಪಕ್ಕದಲ್ಲಿಯೇ "ನೀರಿಗೆ ಅಲ್ಲ" ಎಂದು ಅಳಿಸದ ಮಸಿಯಲ್ಲಿ ಬರೆದು ಮಾರಲಿ. ಅದಕ್ಕಿಂತ ಒಳ್ಳೆಯ ಉಪಯೋಗವೂ ಇದೆ. ನಥಾನಿಯಲ್ ವಾರ್ಡ್ ಎಂಬ ಲಂಡನಿನ ವೈದ್ಯನು 1829ರಲ್ಲಿ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದಾಗ ಆ ಮಣ್ಣಿನಿಂದ ಜರೀಗಿಡವೊಂದು ತಾನಾಗಿ ಮೊಳೆಯಿತು. ಅದರಿಂದ ಅವನ ಗಾಜಿನ ಸಸ್ಯಪೆಟ್ಟಿಗೆ ಹುಟ್ಟಿತು. ಅಕ್ವೇರಿಯಂನ ಪೂರ್ವಜ ಅದೇ. ಉಪ್ಪು ಪೂರ್ತಿ ಹೋಗುವಂತೆ ನಾಲ್ಕಾರು ಬಾರಿ ತೊಳೆದು, ತಳಕ್ಕೆ ಜಲ್ಲಿ, ಅದರ ಮೇಲೆ ಇದ್ದಿಲ ಚೂರು, ಅದರ ಮೇಲೆ ಮಣ್ಣು ಹರವಿ, ಮಳೆಗಾಲದಲ್ಲಿ ಹಳೆಯ ಗೋಡೆಗಳ ಮೇಲೆ ಹಬ್ಬುವ ಹಾವಸೆಯನ್ನೂ ಒಂದೆರಡು ಜರೀಗಿಡಗಳನ್ನೂ ನೆಟ್ಟರೆ, ಆ ಗಾಜಿಗೆ ಇನ್ನು ನೂಕುವ ನೀರಿಲ್ಲ. ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು.